ಹನ್ನೊಂದನೆಯ ಆಳು

ಮೋಲ್ಡ್ ಹಾಕುವ ದಿನ, ಅಂದರೆ ತಾರಸಿಗೆ ಕಾಂಕ್ರೀಟು ಸುರಿಯುವ ದಿನ, ಕಬ್ಬಿಣದ ಬಾಂಡ್ಲಿಯಲ್ಲಿ ಅದನ್ನು ಹೊರಲು ಹತ್ತು ಹೆಂಗಸರು ಸಾಕು. ನಾನು ಮೂವತ್ತು ವರ್ಷ ಹನ್ನೊಂದು ಬೇಕು ಅಂತಲೇ ಹೇಳಿಕೊಂಡು ಬಂದೆ. ಹನ್ನೊಂದನೆಯವಳು ಬಾಂಡ್ಲಿ ಮುಟ್ಟುತ್ತಿರಲಿಲ್ಲ. ಕೆಲಸಕ್ಕೆ ಬಂದ ಹೆಂಗಸರ ಮಕ್ಕಳನ್ನೆಲ್ಲ ಒಂದು ಕಡೆ ಹಾಕಿಕೊಂಡು ನೆರಳಿನಲ್ಲಿ ಕೂತಿರುತ್ತಿದ್ದಳು. ಕೂಲಿ ಮಾತ್ರ ಎಲ್ಲರಷ್ಟೇ. ಯಾವ ಕಂಟ್ರಾಕ್ಟರಿಗೂ ಇದನ್ನು ಬಿಡಿಸಿ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ.

ಇದು ಶುರುವಾದದ್ದು ಯಶವಂತಪುರದ ಒಂದು ಸೈಟಿನಲ್ಲಿ. ಆಗ ಗೋಡೆಗೆ ಬಳಿಯುವ ಸುಣ್ಣವನ್ನು ಅಲ್ಲೇ ಗುಂಡಿ ತೋಡಿ ನೆನೆಹಾಕುತ್ತಿದ್ದರು. ನಾನು ಮೇಲೆ ಇಟ್ಟಿಗೆ ಕೊಡುತ್ತಿದ್ದೆ, ಕೆಳಗೆ ನನ್ನ ಮಗ ಗುಂಡಿಗೆ ಕಾಲಿಟ್ಟ. ಮೊಣಕಾಲಿನವರೆಗೆ ಬೆಂದುಹೋಯಿತು. ಬದುಕಿದ. ಈಗ ಆಟೋ ಓಡಿಸುತ್ತಾನೆ, ಬ್ರೇಕು ಒತ್ತುವ ಕಾಲಿನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಆ ಕಾಲಿಗೆ ತಿಂಗಳುಗಟ್ಟಲೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ನನಗೆ ಬೇರೆ ಯೋಚನೆ ಇರಲಿಲ್ಲ. ಮುಂದೆ ನಾನೇ ಹೆಣ್ಣಾಳುಗಳ ಮೇಸ್ತ್ರಿಯಾದೆ. ಆದ ಮೊದಲ ದಿನವೇ ಹತ್ತು ಜನರ ಕೆಲಸಕ್ಕೆ ಹನ್ನೊಂದು ಜನ ಕೇಳಿದೆ. ಬಾಣಂತಿಯೋ, ಜ್ವರದವಳೋ, ಬಸುರಿಯೋ, ಅವತ್ತು ಯಾರಿಗೆ ಹೊರಲು ಆಗುವುದಿಲ್ಲವೋ ಅವಳು ಹನ್ನೊಂದನೆಯವಳು. ಉಳಿದ ಹತ್ತು ಜನ ಮಾತಿಲ್ಲದೆ ಸ್ವಲ್ಪ ಜೋರಾಗಿ ನಡೆಯುತ್ತಿದ್ದರು. ಕೆಲಸ ಕಡಿಮೆ ಬಿತ್ತು ಅಂತ ಯಾರೂ ತಿರುಗಿ ನೋಡಬಾರದು, ಅಷ್ಟೇ.

ನನ್ನ ಮೊಣಕಾಲು ಕೆಟ್ಟ ಮೇಲೆ ಹನ್ನೊಂದನೆಯವಳು ನಾನೇ ಆದೆ. ಐದಾರು ವರ್ಷ ಹಾಗೆ ನಡೆಯಿತು.

ಕೆಂಪಾಪುರದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಶುರುವಾದಾಗ ಕಂಟ್ರಾಕ್ಟರು ಹೊಸದಾಗಿ ಒಬ್ಬ ಎಂಜಿನಿಯರ್ ಹುಡುಗಿಯನ್ನು ತಂದು ಕೂರಿಸಿದ. ಆರ್.ಟಿ. ನಗರದ ಹುಡುಗಿ. ಮನೆಯವರ ಜತೆ ಫೋನಿನಲ್ಲಿ ಉರ್ದು, ನಮ್ಮ ಹತ್ತಿರ ಕನ್ನಡ, ಕಂಟ್ರಾಕ್ಟರ ಹತ್ತಿರ ಇಂಗ್ಲಿಷು. ತಗಡಿನ ಶೆಡ್ಡಿನೊಳಗೆ ಸಿಮೆಂಟು ಚೀಲಗಳ ಪಕ್ಕ ಒಂದು ಮೇಜು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಬಜೆಟ್ ಮಾಡುತ್ತಿದ್ದಳು. ಅದಕ್ಕೊಂದು ಸಾಫ್ಟ್‌ವೇರ್ ಇತ್ತು. ಮೊದಲ ವಾರವೇ ನನ್ನನ್ನು ಕರೆದಳು.

"ಅಮ್ಮ, ಕೂತ್ಕೊಳಿ. ಈ ಕಟ್ಟಡದ ಕೆಲಸಾನೆಲ್ಲ ಸಾಲುಸಾಲಾಗಿ ಬಿಡಿಸಿ ಇಡ್ತೀನಿ. ಪಾಯ ಒಂದ್ ಸಾಲು, ಕಂಬಿ ಒಂದ್ ಸಾಲು, ಹೆಣ್ಣಾಳು ಒಂದ್ ಸಾಲು. ಈ ಕಡೆ ಎಷ್ಟಾಗ್ಬೋದು ಅಂತ, ಆ ಕಡೆ ಎಷ್ಟಾಯ್ತು ಅಂತ. ಜಾಸ್ತಿ ಆದ್ರೆ ಕೆಂಪಾಗತ್ತೆ."

"ಎಲ್ಲಾನೂ ಒಸದಾಗೇ ಬರೀತೀಯಾ?"

"ಇಲ್ಲ, ಇವರು ಹಿಂದೆ ಕಟ್ಟಿದ ಯಲಹಂಕದ ಬಿಲ್ಡಿಂಗ್ ಬಜೆಟ್ನೇ ಕಾಪಿ ಮಾಡಿ ತಿದ್ತೀನಿ."

"ಅಂಗಾರೆ ಅಲ್ಲಿ ಮಾಡಿದ್ ತಪ್ಪೂ ಕಾಪಿ ಆಯ್ತದೆ."

"ಅದಕ್ಕೇ ನಿಮ್ಮನ್ನ ಕರ್ದಿದ್ದು," ಅಂದಳು.

ನನಗೆ ಅಂಕಿ ಮೊದಲಿನಿಂದಲೂ ಗೊತ್ತು, ಅಕ್ಷರ ತಡವಾಗಿ ಬಂತು, ಈಗಲೂ ಕೂಡಿಸಿಕೊಂಡೇ ಓದುತ್ತೇನೆ. ಆದರೆ ಆ ಹುಡುಗಿ ಕೇಳಿದ್ದೆಲ್ಲ ನನಗೆ ಬಾಯಿಪಾಠವಾಗಿದ್ದ ಲೆಕ್ಕ. ಒಂದು ಲೋಡು ಮರಳು ಎರಡನೇ ಅಂತಸ್ತಿಗೆ ಹೋಗಲು ಎಷ್ಟು ಹೆಂಗಸರಿಗೆ ಎಷ್ಟು ಹೊತ್ತು, ಮಳೆ ಬಂದ ಮಾರನೇ ದಿನ ಎಷ್ಟು ಕೆಲಸ ಹಿಂದೆ ಬೀಳುತ್ತದೆ, ಹಬ್ಬಕ್ಕೆ ಊರಿಗೆ ಹೋದವರು ಎಷ್ಟು ದಿನ ಬಿಟ್ಟು ಬರುತ್ತಾರೆ. ಕೆಂಪಾಪುರದ ಆ ಓಣಿ ಇಕ್ಕಟ್ಟು, ದೊಡ್ಡ ಲಾರಿ ಒಳಗೆ ಬರುವುದಿಲ್ಲ, ಮೂಲೆಯಲ್ಲಿ ಸುರಿದ ಜಲ್ಲಿಯನ್ನು ತಲೆಯ ಮೇಲೆ ಹೊತ್ತು ತರಬೇಕು ಅಂತ ಹೇಳಿದೆ. ಯಲಹಂಕದ ಬಜೆಟ್ಟಿನಲ್ಲಿ ಅದು ಇರಲಿಲ್ಲ. ಅವಳು ಕೂಡಲೇ ಹೊಸ ಸಾಲು ಹಾಕಿದಳು. ನನ್ನ ತಲೆಯಲ್ಲಿದ್ದದ್ದು ಒಗೆದ ಬಟ್ಟೆಯ ಹಾಗೆ ಪರದೆಯ ಮೇಲೆ ಹರವಿಕೊಂಡಿತು. ನನಗೆ ಖುಷಿಯಾಯಿತು. ಆ ವಯಸ್ಸಿನಲ್ಲಿ ನನ್ನನ್ನು ಕುರ್ಚಿ ಹಾಕಿ ಕೂರಿಸಿ ಕೇಳಿದವರು ಅವಳೊಬ್ಬಳೇ.

ಹನ್ನೊಂದು ಅಂತಲೇ ಬರೆಸಿದೆ. ಅವಳು ಹನ್ನೊಂದು ಅಂತಲೇ ಬರೆದಳು.

ಆಗ ನಮ್ಮ ಜತೆ ಯಾದಗಿರಿ ಕಡೆಯಿಂದ ಬಂದ ಗಂಡ ಹೆಂಡತಿ ಇದ್ದರು. ಗಂಡ ಕಂಬಿ ಕಟ್ಟುತ್ತಿದ್ದ, ಹೆಂಡತಿ ನನ್ನ ಗುಂಪಿನಲ್ಲಿ ಹೊರುತ್ತಿದ್ದಳು. ಅವರಿಗೆ ಒಂದು ಹೆಣ್ಣು ಮಗು, ಎರಡೂವರೆ ವರ್ಷ. ಬೇರೆ ಹೆಂಗಸರ ಎರಡು ಮಕ್ಕಳು ಕೂತಲ್ಲಿ ಕೂತಿರುತ್ತಿದ್ದವು, ಇದು ಮಾತ್ರ ನೀರು ಕಂಡರೆ ಬಿಡುತ್ತಿರಲಿಲ್ಲ. ಬಣ್ಣದ ಖಾಲಿ ಡಬ್ಬಿಯೊಂದನ್ನು ಹಿಡಿದುಕೊಂಡು, ಕಾಂಕ್ರೀಟು ಗಟ್ಟಿಯಾಗಲೆಂದು ಹಾಯಿಸುವ ಕ್ಯೂರಿಂಗಿನ ನೀರು ಎಲ್ಲಿ ಸೋರುತ್ತದೋ ಅಲ್ಲಿಗೆ ಹೋಗಿ ತುಂಬಿಸಿಕೊಂಡು ಬಂದು ನನ್ನ ಕಾಲ ಮೇಲೆ ಸುರಿಯುತ್ತಿತ್ತು. ಬೈದರೆ ನಗುತ್ತಿತ್ತು. ಕೊನೆಗೆ ಅದರ ಸೊಂಟಕ್ಕೆ ಹಳೆ ಸೀರೆಯ ತುದಿ ಕಟ್ಟಿ ಇನ್ನೊಂದು ತುದಿ ನನ್ನ ಕೈಗೆ ಸುತ್ತಿಕೊಳ್ಳುತ್ತಿದ್ದೆ.

"ಕೂಸನ್ನ ಆಡಿನಂಗ ಕಟ್ಟಿಟ್ಟೀರಲ್ರೀ ಅವ್ವಾ," ಅಂತ ಅದರ ತಾಯಿ ಬಾಂಡ್ಲಿ ಹೊತ್ತುಕೊಂಡೇ ಕೇಳುತ್ತಿದ್ದಳು.

"ಆಡಾದ್ರೆ ಸಂತೆಗೆ ಮಾರಬೋದಿತ್ತು. ಇದ್ನ ಯಾರ್ ತಗತ್ತಾರೆ?" ಅನ್ನುತ್ತಿದ್ದೆ. ಅವಳು ನಗುತ್ತ ಮೆಟ್ಟಿಲು ಹತ್ತುತ್ತಿದ್ದಳು.

ಎರಡನೇ ಮೋಲ್ಡ್ ಆದ ಮೇಲೆ ಒಂದು ಸೋಮವಾರ ಕಂಟ್ರಾಕ್ಟರು ಶೆಡ್ಡಿಗೆ ಬಂದು ನನ್ನನ್ನು ಕರೆಸಿದ. ಕೆಟ್ಟ ಮನುಷ್ಯನಲ್ಲ. ಶನಿವಾರ ಸಂಜೆ ತಪ್ಪದೆ ಕೂಲಿ ಕೊಡುತ್ತಿದ್ದ.

"ಅಜ್ಜಿ, ನಿಮ್ ಹೆಂಗಸ್ರು ಯಾಕೋ ಸ್ಲೋ ಅಂತೆ. ಸಿಸ್ಟಮ್ ತೋರಿಸ್ತಿದೆ ನೋಡಿ."

"ನಿನ್ ಸಿಸ್ಟಮ್ಮು ಒಂದ್ಸಲ ಬಾಂಡ್ಲಿ ಒತ್ಕಂಡ್ ಎರಡ್ನೇ ಅಂತಸ್ತಿನ್ ಮೆಟ್ಲು ಅತ್ಲಿ, ಆಮೇಲ್ ಮಾತಾಡಾನ," ಅಂದೆ.

ಹುಡುಗಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಹೆಣ್ಣಾಳು ಸಾಲು ಕೆಂಪಾಗಿತ್ತು. "ಬೈಬೇಡಿ ಅಮ್ಮ. ದಿನಕ್ಕೆ ಎಷ್ಟು ಮಾಲು ಮೇಲೆ ಹೋಯ್ತು ಅನ್ನೋದನ್ನ ಹನ್ನೊಂದು ಜನಕ್ಕೆ ಭಾಗಿಸತ್ತೆ ಇದು. ಒಬ್ಬೊಬ್ಬರ ಪಾಲಿಗೆ ಕಮ್ಮಿ ಬರ್ತಿದೆ. ಪಕ್ಕದ ಕಂಪನಿಯವರ ಹೆಂಗಸ್ರಿಗಿಂತ ಕಮ್ಮಿ."

ಅದನ್ನೇ ನನಗೆ ತಡೆಯಲಾಗಲಿಲ್ಲ. ನನ್ನ ಹೆಂಗಸರು ಬೆಳಗಿನ ಜಾವ ಎದ್ದು ಗಂಜಿ ಕುಡಿದು ಬಂದವರು, ಕತ್ತು ಸೋತರೂ ನಿಲ್ಲುತ್ತಿರಲಿಲ್ಲ. ಅವರನ್ನು ಸೋಮಾರಿಗಳು ಅಂತ ಬರೆದಿಟ್ಟಿದ್ದಾರೆ.

"ಅನ್ನೊಂದಕ್ಕೆ ಯಾಕ್ ಭಾಗ ಮಾಡ್ತೀಯ? ಅತ್ತಕ್ಕೆ ಮಾಡು," ಅಂದೆ.

"ಹತ್ತಕ್ಕಾ? ಯಾಕೆ?"

ಹೇಳಿಬಿಟ್ಟೆ. ಹೊರುವವರು ಹತ್ತೇ ಜನ, ಹನ್ನೊಂದನೆಯವಳು ನಾನು, ನಾನು ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಯಶವಂತಪುರದಿಂದಲೂ ಹೀಗೇ ಅಂತ. ಮೂವತ್ತು ವರ್ಷ ಯಾರೂ ಬಿಡಿಸದ ನನ್ನ ಬಾಯನ್ನು ಒಂದು ಕೆಂಪು ಸಾಲು ಬಿಡಿಸಿತು.

ಹುಡುಗಿ ಹನ್ನೊಂದನ್ನು ಅಳಿಸಿ ಹತ್ತು ಒತ್ತಿದಳು. ಸಾಲು ಹಸಿರಾಯಿತು. ಪಕ್ಕದ ಕಂಪನಿಯವರನ್ನೂ ದಾಟಿತು.

"ನೋಡ್ದಾ?" ಅಂದೆ.

ಕಂಟ್ರಾಕ್ಟರು ಜೋರಾಗಿ ನಕ್ಕ. "ಮೂವತ್ ವರ್ಷ ಎಲ್ರಿಗೂ ಟೋಪಿ ಹಾಕಿದೀರಲ್ಲ ಅಜ್ಜಿ. ಭಲೇ ಗಿರಾಕಿ ನೀವು." ನಾನೂ ನಕ್ಕೆ. ನನ್ನ ಹೆಂಗಸರು ಗೆದ್ದರು ಅಂತ ನನಗೆ ಆ ಹೊತ್ತಿಗೆ ಅನಿಸಿದ್ದು ನಿಜ.

ಆಮೇಲೆ ಅವನು ಮೆಲ್ಲಗೆ ಹೇಳಿದ. ಬಜೆಟ್ಟಿನಲ್ಲಿ ಹತ್ತೇ ಇರಲಿ. ನನ್ನನ್ನು ಬಿಡಿಸುವುದಿಲ್ಲ, ಗೇಟಿನ ಹತ್ತಿರ ಮಾಲು ಇಳಿಸಿಕೊಳ್ಳುವ ಕೆಲಸಕ್ಕೆ ಹಾಕುತ್ತಾನೆ, ದಿನಕ್ಕೆ ನೂರು ಹೆಚ್ಚು. ಫೋನು ಅವನೇ ಕೊಡುತ್ತಾನೆ. ಲೋಡು ಬಂದಾಗ ಒಂದು ಫೋಟೊ ತೆಗೆದು, ಎಷ್ಟು ಚೀಲ ಅಂತ ಅಂಕಿ ಒತ್ತಿದರೆ ಸಾಕು, ಅದು ನೆಟ್ಟಗೆ ಹೋಗಿ ಬಜೆಟ್ಟಿನಲ್ಲಿ ಕೂರುತ್ತದೆ.

"ಮಕ್ಕಳು?" ಅಂತ ಹುಡುಗಿ ಕೇಳಿದಳು. ಕೇಳಿದವಳು ಅವಳೇ, ನಾನಲ್ಲ.

"ಗೇಟ್ ಹತ್ರಾನೇ ಇರ್ತಾರಲ್ಲ ಅಜ್ಜಿ, ಕಣ್ ಹಾಯ್ಸಿದ್ರೆ ಆಯ್ತು," ಅಂದ ಅವನು.

ಯಾರೂ ಬಲವಂತ ಮಾಡಲಿಲ್ಲ. ನಾನು ಒಪ್ಪಿದೆ. ನೂರು ರೂಪಾಯಿಗೂ ಒಪ್ಪಿದೆ, ಕುರ್ಚಿಗೂ ಒಪ್ಪಿದೆ. ಹುಡುಗಿ ಫೋನಿನಲ್ಲಿ ಕನ್ನಡ ಬರುವ ಹಾಗೆ ಮಾಡಿಕೊಟ್ಟು ಎರಡು ದಿನ ಪಕ್ಕದಲ್ಲಿ ನಿಂತು ಕಲಿಸಿದಳು. ಮೂರನೇ ದಿನ ನಾನೇ ಒತ್ತುತ್ತಿದ್ದೆ. ಮಕ್ಕಳನ್ನು ಗೇಟಿನ ಪಕ್ಕಕ್ಕೆ ಕರೆತಂದು ಚಾಪೆ ಹಾಸಿದೆ. ಸೀರೆಯ ತುದಿಯನ್ನು ಕುರ್ಚಿಯ ಕಾಲಿಗೆ ಕಟ್ಟಿದೆ. ಲಾರಿ ಬಂದಾಗ ಎದ್ದು ಓಡಾಡಬೇಕಲ್ಲ, ಕೈಗೆ ಕಟ್ಟಿಕೊಂಡರೆ ಆಗುತ್ತಿರಲಿಲ್ಲ. ಮೂರು ವಾರ ಏನೂ ಆಗಲಿಲ್ಲ.

ಅವತ್ತು ಹತ್ತೂವರೆಯ ಹೊತ್ತಿಗೆ ಸಿಮೆಂಟಿನ ಗಾಡಿಯೂ ಮರಳಿನ ಗಾಡಿಯೂ ಒಟ್ಟಿಗೇ ಬಂದವು. ಎರಡೂ ಓಣಿಯ ಮೂಲೆಯಲ್ಲೇ ನಿಂತವು. ನಾನು ಕುರ್ಚಿಯಿಂದೆದ್ದು ಮೂಲೆಗೆ ಹೋದೆ. ಸಿಮೆಂಟಿನ ಫೋಟೊ ತೆಗೆದು ಅಂಕಿ ಒತ್ತಿದರೆ ಹೋಗಲಿಲ್ಲ. ಫೋನಿನ ನಡುವೆ ಸಣ್ಣ ಚಕ್ರ ಸುತ್ತುತ್ತಲೇ ಇತ್ತು. ಸಿಗ್ನಲ್ ಸಿಗಲಿ ಅಂತ ಫೋನನ್ನು ಮೇಲಕ್ಕೆತ್ತಿ ಆ ಕಡೆ ಈ ಕಡೆ ನಡೆದೆ.

"ಏನಜ್ಜಿ, ಸೆಲ್ಫಿನಾ?" ಅಂತ ಮರಳಿನ ಗಾಡಿಯ ಡ್ರೈವರು ಕೇಳಿದ. "ನನ್ನೂ ಸೇರಿಸ್ಕೊಳಿ."

"ನಿನ್ ಮಕ ತೆಗುದ್ರೆ ಫೋನು ವಾಪಸ್ ಕೊಡ್ಬೇಕಾಯ್ತದೆ. ಸುಮ್ಕೆ ನಿಂತ್ಕ," ಅಂದೆ.

ಚಕ್ರ ನಿಂತಿತು. ಸಿಮೆಂಟು ಹೋಯಿತು. ಆಮೇಲೆ ಮರಳಿನ ಫೋಟೊ ತೆಗೆದೆ. ಅದೂ ಸುತ್ತಿತು. ಎಷ್ಟು ಹೊತ್ತು ಅಂತ ಆಮೇಲೆ ಪೊಲೀಸರು ಕೇಳಿದರು. ಹದಿನಾಲ್ಕು ನಿಮಿಷ. ನಾನು ಊಹಿಸಿ ಹೇಳಿದ್ದಲ್ಲ. ಮೊದಲ ಫೋಟೊಗೂ ಎರಡನೆಯದಕ್ಕೂ ಸಾಫ್ಟ್‌ವೇರಿನಲ್ಲಿ ಗಂಟೆ ನಿಮಿಷ ಬಿದ್ದಿತ್ತು.

ಗೇಟಿಗೆ ಬಂದಾಗ ಚಾಪೆಯ ಮೇಲೆ ಇಬ್ಬರು ಮಕ್ಕಳಿದ್ದರು. ಸೀರೆಯ ಗಂಟು ಕುರ್ಚಿಯ ಕಾಲಿನಿಂದ ಜಾರಿ ಹೋಗಿತ್ತು. ಪ್ಲಾಸ್ಟಿಕ್ ಕುರ್ಚಿ, ಅದರ ಕಾಲು ನುಣುಪು. ನನ್ನ ಕೈಯಾಗಿದ್ದರೆ ಎಳೆದದ್ದು ಗೊತ್ತಾಗುತ್ತಿತ್ತು.

ಅದೇ ಹೊತ್ತಿಗೆ ಎರಡನೇ ಅಂತಸ್ತಿನಿಂದ ಅದರ ತಾಯಿ ಬಗ್ಗಿ ಕೇಳಿದಳು. "ಅವ್ವಾ, ನಮ್ಮ ಕೂಸು ಎಲ್ಲೈತ್ರಿ? ಕಾಣವಲ್ದು."

ಸಂಪು, ನೀರು ತುಂಬಿಡುವ ನೆಲದ ತೊಟ್ಟಿ, ಕಟ್ಟಡದ ಹಿಂದಿತ್ತು. ಅದರ ಬಾಯಿಗೆ ಹಲಗೆ ಮುಚ್ಚುತ್ತಿದ್ದೆವು. ಕ್ಯೂರಿಂಗಿಗೆ ನೀರು ಸೇದುವವರು ಒಂದು ಹಲಗೆ ಸರಿಸಿಟ್ಟು ಬಕೆಟ್ಟಿನೊಂದಿಗೆ ಮೇಲೆ ಹೋಗಿದ್ದರು. ನಾನು ಹೋದಾಗ ಬಣ್ಣದ ಡಬ್ಬಿ ನೀರಿನ ಮೇಲೆ ತೇಲುತ್ತಿತ್ತು.

ಅದರ ಮುಂದಿನದನ್ನು ನಾನು ಹೇಳುವುದಿಲ್ಲ. ಇಳಿದು ಎತ್ತಿದವನು ಅದರ ಅಪ್ಪ.

ಮೂರು ದಿನ ಕೆಲಸ ನಿಂತಿತು. ಕಂಟ್ರಾಕ್ಟರು ಪೊಲೀಸ್ ಠಾಣೆಗೂ ಆಸ್ಪತ್ರೆಗೂ ಓಡಾಡಿದ. ಮಗುವಿನ ಅಪ್ಪ ಅಮ್ಮನಿಗೆ ದುಡ್ಡು ಕೊಟ್ಟ. ಎಷ್ಟು ಅಂತ ಬೇಡ. ಅವರು ಎಣಿಸಲಿಲ್ಲ, ತೆಗೆದುಕೊಂಡು ಟ್ರಂಕಿನಲ್ಲಿಟ್ಟರು. ಊರಿಗೆ ಹೋಗುವ ದಿನ ನಾನು ಯಶವಂತಪುರದ ರೈಲು ಸ್ಟೇಷನ್ನಿನವರೆಗೆ ಹೋದೆ. ನನ್ನ ಮಗನೇ ಆಟೋದಲ್ಲಿ ಬಿಟ್ಟ. ಪ್ಲಾಟ್‌ಫಾರ್ಮಿನಲ್ಲಿ ಕೂತ ಮೇಲೆ ಮಗುವಿನ ತಾಯಿ ನನ್ನ ಮುಖ ನೋಡದೆ ಕೇಳಿದಳು.

"ಮದಲ ನಿಮ್ಮ ಕೈಗೇ ಕಟ್ಕೊಂತಿದ್ರಿ. ಯಾಕ ಬಿಟ್ರಿ?"

"ನಾನೇ ಏಳ್ಬುಟ್ಟೆ ಕಣವ್ವ. ಅತ್ತೇ ಜನ ಸಾಕು ಅಂತ."

"ಯಾಕ ಹೇಳಿದ್ರಿ?"

"ನಿಮ್ಮನ್ನ ಸೋಮಾರಿಗ್ಳು ಅಂದ್ರು. ತಡೀಲಿಲ್ಲ."

"ಅಂದ್ರ ಅನ್ಲಿ ಅಂತ ಬಿಡ್ಬೇಕಿತ್ರಿ," ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ. ರೈಲು ಬಂತು, ಗಂಡ ಟ್ರಂಕು ಹತ್ತಿಸಿದ, ಅವಳು ಹತ್ತಿದಳು. ಕಿಟಕಿಯ ಹತ್ತಿರ ಕೂರಲಿಲ್ಲ.

ತಿಂಗಳ ಕೊನೆಗೆ ನಾನು ಶೆಡ್ಡಿಗೆ ಹೋದಾಗ ಹುಡುಗಿ ಲ್ಯಾಪ್‌ಟಾಪ್ ಮುಂದೆ ಕೈಕಟ್ಟಿ ಕೂತಿದ್ದಳು. ಊಟದ ಡಬ್ಬಿ ತೆರೆದಿರಲಿಲ್ಲ.

"ಏನವ್ವ?"

"ಅವರಿಗೆ ಕೊಟ್ಟ ದುಡ್ಡು ಅಮ್ಮ. ಇದರಲ್ಲಿ ಖರ್ಚಾದ ದುಡ್ಡನ್ನ ಯಾವುದಾದ್ರೂ ಸಾಲಿಗೆ ಹಾಕ್ಲೇಬೇಕು. ಹಾಕ್ದಿದ್ರೆ ತಿಂಗಳು ಮುಗಿಸೋಕೆ ಬಿಡಲ್ಲ. ಯಾವ ಸಾಲಿಗೆ ಹಾಕ್ಲಿ?"

ಸಿಮೆಂಟಿಗೆ ಹಾಕಲಾಗುವುದಿಲ್ಲ, ಕಂಬಿಗೆ ಹಾಕಲಾಗುವುದಿಲ್ಲ. ಕಂಟ್ರಾಕ್ಟರು ಫೋನಿನಲ್ಲೇ ಹೇಳಿದನಂತೆ, ಕಡೆಗೆ ಒಂದು ಸಾಲು ಇದೆಯಲ್ಲ, ಅಲ್ಲಿಗೆ ಹಾಕು ಅಂತ. ಯಾವ ಸಾಲು ಅಂತ ಕೇಳಿದೆ. ಅವಳು ಬೆರಳಿಟ್ಟು ಓದಿ ಹೇಳಿದಳು. ಅನಿರೀಕ್ಷಿತ ಖರ್ಚು.

"ಅಂಗಂದ್ರೆ?"

"ಮೊದಲೇ ಗೊತ್ತಿಲ್ಲದೆ ಬಂದಿದ್ದು. ಯಾರೂ ಅಂದ್ಕೊಂಡಿರದಿದ್ದು."

"ಗೊತ್ತಿರ್ಲಿಲ್ಲ ಅಂತ ಯಾರವ್ವ ಏಳಿದ್ದು? ನನಗ್ ಗೊತ್ತಿತ್ತು. ಇಂಗಾಯ್ತದೆ ಅಂತ್ಲೇ ಮೂವತ್ ವರ್ಷ ಒಬ್ಳನ್ನ ಕೂರ್ಸಿದ್ದೆ."

ಅವಳು ತಲೆ ತಗ್ಗಿಸಿದಳು. ಅವಳಿಗೂ ಗೊತ್ತಿತ್ತು, ಅವತ್ತು "ಮಕ್ಕಳು?" ಅಂತ ಕೇಳಿದವಳು ಅವಳೇ ತಾನೆ. ಬೇರೆ ದಾರಿಯಿರಲಿಲ್ಲ, ಒತ್ತಿದಳು. ಆ ದುಡ್ಡಿಗೆ ಹನ್ನೊಂದನೆಯವಳ ಕೂಲಿ ಎಷ್ಟು ವರ್ಷ ಕೊಡಬಹುದಿತ್ತು ಅನ್ನುವ ಲೆಕ್ಕ ಬೇಡವೆಂದರೂ ನನ್ನ ತಲೆಯಲ್ಲಿ ಆಗಿಹೋಯಿತು.

ಕೆಂಪಾಪುರದ ಕಟ್ಟಡ ಮುಗಿಯಿತು. ಜನ ಬಂದು ವಾಸವಾಗಿದ್ದಾರೆ. ಈಗ ಕೆಲಸ ನಾನಿರುವ ರಾಜಾನುಕುಂಟೆಯ ಹತ್ತಿರವೇ, ಹೊಸ ಲೇಔಟಿನಲ್ಲಿ ಸಾಲು ಮನೆಗಳು. ಹುಡುಗಿ ಮತ್ತೆ ಕುರ್ಚಿ ಹಾಕಿ ಕರೆದಳು. ಕೆಂಪಾಪುರದ ಬಜೆಟ್ಟನ್ನು ಕಾಪಿ ಮಾಡಿದ್ದಳು. ಹೆಣ್ಣಾಳು ಸಾಲಿನಲ್ಲಿ ಹತ್ತು ಅಂತಲೇ ಬಂದು ಕೂತಿತ್ತು.

"ಅನ್ನೊಂದು ಮಾಡು," ಅಂದೆ.

"ಅಲ್ಲಿ ಬೇಡ ಅಮ್ಮ. ಅಲ್ಲಿಟ್ರೆ ಮತ್ತೆ ಕೆಂಪಾಗತ್ತೆ, ಮತ್ತೆ ತೆಗೀತಾರೆ. ಬೇರೆ ಸಾಲೇ ಮಾಡ್ತೀನಿ." ಮಾಡಿದಳು. ಮಕ್ಕಳನ್ನು ನೋಡಿಕೊಳ್ಳುವವರು ಅಂತ ಬರೆದಳು. ಪಕ್ಕದಲ್ಲೇ ನಿಂತಿದ್ದ ಕಂಟ್ರಾಕ್ಟರು ಓದಿ ತಲೆಯಾಡಿಸಿದ. ಆದರೆ ಸಾಫ್ಟ್‌ವೇರು ಬಿಡಲಿಲ್ಲ. ಪ್ರತಿ ಸಾಲಿಗೂ ಅಳತೆ ಬೇಕಂತೆ. ಮರಳಿಗೆ ಲೋಡು, ಸಿಮೆಂಟಿಗೆ ಚೀಲ, ಗಾರೆಗೆ ಚದರಡಿ.

"ಇದಕ್ಕೆ ಏನ್ ಅಳತೆ ಹಾಕ್ಲಿ?"

"ತಲೆ," ಅಂದೆ. "ಬೆಳಿಗ್ಗೆ ಎಷ್ಟು ತಲೆ, ಸಂಜೆ ಎಷ್ಟು ತಲೆ."

ಹಾಗೇ ಹಾಕಿದ್ದಾಳೆ. ಈಗ ಮಾಲು ಇಳಿಸಿಕೊಳ್ಳಲು ಬೇರೆ ಆಳಿದ್ದಾನೆ. ನಾನು ಮಕ್ಕಳ ಜತೆ ಕೂರುತ್ತೇನೆ, ನಾಲ್ಕು ಮಕ್ಕಳು. ಬೆಳಿಗ್ಗೆ ಎಣಿಸಿ ಒತ್ತುತ್ತೇನೆ, ಸಂಜೆ ತಾಯಂದಿರು ಬಂದು ಕರೆದುಕೊಳ್ಳುವಾಗ ಎಣಿಸಿ ಒತ್ತುತ್ತೇನೆ. ಚಕ್ರ ಸುತ್ತಿದರೆ ಸುತ್ತಲಿ ಅಂತ ಫೋನನ್ನು ಚಾಪೆಯ ಮೇಲೆ ಇಟ್ಟುಬಿಡುತ್ತೇನೆ. ಬೇರೆ ಮಕ್ಕಳಿಗೆ ಕಟ್ಟುವುದಿಲ್ಲ, ನಡೆಯಲು ಬಂದು ಮಾತು ತಿಳಿಯದ ಒಂದಕ್ಕೆ ಮಾತ್ರ ಸೀರೆಯ ತುದಿ ಕಟ್ಟಿ, ಇನ್ನೊಂದು ತುದಿ ಕೈಗೆ ಸುತ್ತಿಕೊಳ್ಳುತ್ತೇನೆ.

ಒಂದು ದಿನ ಹುಡುಗಿಗೆ ಹೇಳಿದೆ, ಕೆಂಪಾಪುರದ ಬಜೆಟ್ಟನ್ನು ತೆರೆ, ಆ ದುಡ್ಡನ್ನು ಕಡೆ ಸಾಲಿನಿಂದ ಎತ್ತಿ ಹೆಣ್ಣಾಳು ಸಾಲಿಗೆ ಹಾಕು, ಹನ್ನೊಂದನೆಯವಳಿಗೆ ಕೊಡದೆ ಉಳಿಸಿದ್ದಕ್ಕೆ ಹೋದ ದುಡ್ಡು ಅದು ಅಂತ. ಅವಳು ತೆರೆದಳು. ಎರಡು ಮೂರು ಸಲ ಒತ್ತಿ ನೋಡಿದಳು. ಅಕ್ಷರಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು.

"ಕಟ್ಟಡ ಮುಗಿದ್ಮೇಲೆ ಬಜೆಟ್ ಮುಚ್ಬಿಡ್ತೀವಿ ಅಮ್ಮ. ಓದ್ಬೋದು, ತಿದ್ದೋಕಾಗಲ್ಲ."

"ನಿನ್ ಕಂಟ್ರಾಕ್ಟರ್ ಕೈಲೂ?"

"ಯಾರ್ ಕೈಲೂ ಆಗಲ್ಲ."

ನಾನು ಬಗ್ಗಿ ಕಡೆಯ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅವಳು ನಾನು ಓದಿ ಮುಗಿಸುವವರೆಗೆ ಕಾದು ಲ್ಯಾಪ್‌ಟಾಪ್ ಮುಚ್ಚಿದಳು. ಹೊರಗೆ ಮಕ್ಕಳನ್ನು ಅಷ್ಟು ಹೊತ್ತು ಒಬ್ಬ ತಾಯಿಯ ವಶಕ್ಕೆ ಬಿಟ್ಟು ಬಂದಿದ್ದೆ. ಹೋಗಿ ಎಣಿಸಿದೆ. ನಾಲ್ಕಿದ್ದವು.